ತಮ್ಮ ಬರ್ಲಿ, ತಡೀರಿ

ಚಿಕ್ಕನಿಂಗಮ್ಮ ಯಾರು ಎಂದು ಉಮ್ಮತ್ತೂರಿನಲ್ಲಿ ಕೇಳಿದರೆ, ‘ಯಾವ ಚಿಕ್ಕನಿಂಗಮ್ಮ? ತಮ್ಮ ಬರ್ಲಿ ತಡೀರಿ ಅಂತಾಳಲ್ಲ, ಅವಳಾ?’ ಎಂದು ತಿರುಗಿ ಕೇಳುತ್ತಾರೆ. ಮೂಗಯ್ಯನ ಹೆಂಡತಿ ಎಂದು ಗುರುತಿಸುವವರು ಕಮ್ಮಿ. ಬದನಗುಪ್ಪೆಯ ಗಾರ್ಮೆಂಟ್ಸಿನಲ್ಲಿ ಅಂಗಿಗಳ ದಾರ ಕತ್ತರಿಸಿ ಕತ್ತರಿಸಿ ಬೆರಳು ಜಡ್ಡುಗಟ್ಟಿಸಿಕೊಂಡವಳು ಎಂದು ಗುರುತಿಸುವವರು ಇನ್ನೂ ಕಮ್ಮಿ. ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಹಬ್ಬಕ್ಕೆ ಎಡೆ ಇಡುವಾಗಲೂ, ಮಗಳಿಗೆ ಹೆಸರಿಡುವಾಗಲೂ, ಮನೆಗೆ ಹೊಸ ಬಾಗಿಲು ಕೂರಿಸುವಾಗಲೂ ಅವಳ ಬಾಯಲ್ಲಿ ಬಂದದ್ದು ಅದೊಂದೇ ಮಾತು.

ತಮ್ಮ ಎಂದರೆ ರಂಗರಾಜು. ಉಡಿಗಾಲದ ಆಚೆ ಒಂದು ಸಣ್ಣ ಹಳ್ಳಿ, ಅದೇ ಅವಳ ತವರು. ಅಲ್ಲಿ ಟ್ಯಾಂಕಿನ ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವ ನೀರುಗಂಟಿ ಅವನು. ಕೆಲಸ ಚಿಕ್ಕದು, ಗತ್ತು ದೊಡ್ಡದು. ಹೆಂಗಸರು ಬಿಂದಿಗೆ ಸಾಲಿಟ್ಟು ಕಾಯುತ್ತಿದ್ದರೆ ಇವನು ಅಂಗಡಿಯಲ್ಲಿ ಎರಡನೇ ಟೀ ಹೇಳುತ್ತಿದ್ದ. ಕಾಯಿಸಿ ಗೋಳಾಡಿಸಬೇಕೆಂಬ ಕೆಟ್ಟತನವೇನೂ ಅಲ್ಲ. ಕಾಯುವವರಿಗೂ ಕಾಲು ನೋಯುತ್ತದೆ ಎನ್ನುವುದು ಅವನ ತಲೆಗೆ ಹೊಳೆಯುತ್ತಲೇ ಇರಲಿಲ್ಲ, ಅಷ್ಟೇ. ಕಟ್ಟಿಕೊಂಡ ಮೀನಾ ಎರಡೇ ವರ್ಷಕ್ಕೆ ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ‘ಹೊಂದ್ಕೊಂಡ್ ಓಗಾ ಬುದ್ಧಿ ಇಲ್ಲ ಅವ್ಳ್ಗೆ’ ಎಂದು ತೀರ್ಪು ಕೊಟ್ಟವಳು ಚಿಕ್ಕನಿಂಗಮ್ಮನೇ.

ಅವನನ್ನು ಬಯ್ಯದ ನೆಂಟರಿಲ್ಲ. ಬಯ್ಯಲಿ, ಬಯ್ಯಬೇಕಾದ್ದೇ. ಆದರೆ ‘ನನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ’ ಎಂದದ್ದು ಯಾರು ಹೇಳಿ? ಕೋಳಿಯಲ್ಲ, ಅದನ್ನು ಸಾಕಿದ ಮುದುಕಿ. ಇಲ್ಲಿ ಆದದ್ದೂ ಅದೇ.

ಅವ್ವ ತೀರಿಕೊಂಡಾಗ ರಂಗರಾಜು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಚಿಕ್ಕನಿಂಗಮ್ಮನದು ಮೂರನೇ ಕ್ಲಾಸು. ‘ತಮ್ಮನ್ನ ಅಳುಸ್ಬ್ಯಾಡ ಕಣಮ್ಮಿ’ ಎಂದಿದ್ದಳು ಅವ್ವ, ಆಸ್ಪತ್ರೆಗೆ ಹೋಗುವಾಗ. ಹೋದವಳು ಬರಲಿಲ್ಲ, ಮಾತು ಮನೆಯಲ್ಲಿ ಉಳಿಯಿತು. ಹುಡುಗಿ ಸ್ಕೂಲು ಬಿಟ್ಟಳು, ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡಳು. ಸೊಂಟದ ಮೇಲೆ ಕೂತವನು ಅತ್ತ ಎಂದರೆ ಅವಳ ಜೀವವೇ ಹಾರುತ್ತಿತ್ತು, ಎಲ್ಲೋ ಅವ್ವನಿಗೆ ಕೇಳಿಸಿಬಿಡುತ್ತದೆ ಎಂಬಂತೆ. ಅಪ್ಪ ಕೂಲಿಯಿಂದ ಹಸಿದು ಬಂದರೂ, ಮಲಗಿದ ತಮ್ಮ ಎದ್ದು ಮೊದಲ ತುತ್ತು ತಿನ್ನುವ ತನಕ ಯಾರಿಗೂ ಮುದ್ದೆ ಬಡಿಸುತ್ತಿರಲಿಲ್ಲ. ಮಗುವೇನು ದಡ್ಡನೇ? ತಾನು ಏಳದಿದ್ದರೆ ಮನೆಯಲ್ಲಿ ಊಟವಿಲ್ಲ ಎಂಬುದನ್ನು ನಡೆಯಲು ಕಲಿಯುವ ಮೊದಲೇ ಕಲಿತುಬಿಟ್ಟ.

ಅವಳ ಮದುವೆಯ ದಿಬ್ಬಣ ಹೊರಟಾಗ ಅವನಿಗೆ ಹತ್ತೋ ಹನ್ನೊಂದೋ. ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು ತನಗೇ ಬೇಕೆಂದು ಮಣ್ಣಲ್ಲಿ ಬಿದ್ದು ಹೊರಳಾಡಿದ. ‘ತಮ್ಮ ಮುಂದ್ಗಡೆ ಕೂರ್ದಿದ್ರೆ ನಾನು ವ್ಯಾನು ಅತ್ತಾದಿಲ್ಲ’ ಎಂದುಬಿಟ್ಟಳು ಮದುವಣಗಿತ್ತಿ. ಬಾಸಿಂಗ ಕಟ್ಟಿದ್ದ ಮೂಗಯ್ಯ ಹಿಂದೆ ಪಾತ್ರೆ ಪಗಡಗಳ ನಡುವೆ ಕೂತು ಊರು ಸೇರಿದ. ಹೆಸರಿಗೆ ತಕ್ಕ ಮನುಷ್ಯ, ಒಂದು ಮಾತಾಡಲಿಲ್ಲ. ಅವತ್ತಿನಿಂದ ಹಿಂದಿನ ಸೀಟೇ ಅವನಿಗೆ ಕಾಯಂ ಆಯಿತು.

ಗಂಡ ಸಹಿಸಿದ. ಮಗಳು ಶಿವರಂಜಿನಿ ಸಹಿಸುವ ಪೈಕಿಯಲ್ಲ. ಅವಳು ಮೈನೆರೆದ ದಿನ ಬೆಳಿಗ್ಗೆಯೇ ಸುದ್ದಿ ಹೋಗಿತ್ತು. ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕಬೇಕು, ಅಲ್ಲಿಯ ತನಕ ಹುಡುಗಿ ಹೊರಗೇ ಇರಬೇಕು, ಅದು ಪದ್ಧತಿ. ರಂಗರಾಜು ಯಾರದೋ ಹೊಸ ಬೈಕು ನೋಡುತ್ತ ನಿಂತು ಬಿಟ್ಟನಂತೆ. ಹುಡುಗಿ ಜಗಲಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಹೊಟ್ಟೆ ಹಿಡಿದುಕೊಂಡು ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದಳು. ಪಕ್ಕದ ಮನೆಯವನು ನಾಲ್ಕು ಸೊಪ್ಪು ತಂದು ನೆಡುತ್ತೇನೆ ಎಂದರೆ, ‘ತಮ್ಮ ಬರ್ಲಿ, ತಡೀರಿ’ ಎಂದಳು ಚಿಕ್ಕನಿಂಗಮ್ಮ. ಅವನು ಬಂದವನೇ ಮೊದಲು ಕೇಳಿದ್ದು, ‘ಅಕ್ಕ, ಊಟಕ್ಕೇನ್ ಮಾಡಿದ್ದೀಯ?’

ಈ ರಂಜಿಗೆ ಮದುವೆ ಗೊತ್ತಾಯಿತು. ಗಂಡು ಗುಂಡ್ಲುಪೇಟೆಯ ಗಿರೀಶ್. ತೆರಕಣಾಂಬಿ ಸಂತೆಯಿಂದ ತರಕಾರಿ ಲೋಡು ಮಾಡಿಕೊಂಡು ಕೇರಳಕ್ಕೆ ಗಾಡಿ ಓಡಿಸುವ ಹುಡುಗ, ನಾಲಿಗೆಯಲ್ಲಿ ಅರ್ಧ ಮಲಯಾಳಂ, ಮನಸ್ಸು ಮಾತ್ರ ಅಪ್ಪಟ ಚಿನ್ನ. ಶ್ರಾವಣದಲ್ಲಿ ಗುಂಡ್ಲುಪೇಟೆಯ ಛತ್ರದಲ್ಲಿ ಮದುವೆ ಎಂದಾಯಿತು. ಅದಕ್ಕೆ ಒಂದು ವಾರ ಮುಂಚೆ, ಅಕ್ಕಿ ಆರಿಸುತ್ತ ಕೂತಿದ್ದಾಗ ರಂಜಿ ಅವ್ವನ ಎದುರು ಬಂದು ಕುಕ್ಕರುಗಾಲಲ್ಲಿ ಕೂತಳು.

‘ಅವ್ವ, ಒಡವೆ ಕೇಳ್ನಿಲ್ಲ, ರೇಷ್ಮೆ ಸೀರೆ ಕೇಳ್ನಿಲ್ಲ. ಒಂದ್ ಕೇಳ್ತೀನಿ, ಕೊಟ್ಟೀಯಾ?’

‘ಕೇಳಮ್ಮಿ, ಅದ್ಕೇನು.’

‘ಧಾರೆ ಹೊತ್ಗೆ ನೀನು ನನ್ ಪಕ್ಕ ಇರ್ಬೇಕು. ನೀನೂ ಅಪ್ಪನೂ ನಿಮ್ ಕೈಯಾರೆ ಧಾರೆ ಎರ್ದು ಕೊಡ್ಬೇಕು. ಮಾವ ಬರ್ಲಿ, ಬರ್ದೆ ಇರ್ಲಿ.’

‘ಥೂ, ಎಂಥ ಮಾತಾಡೀಯೆ! ಎತ್ತವ್ಳು ನಾನು. ನಾನಲ್ದೆ ಇನ್ಯಾರು ಎರೆದಾರು?’ ಚಿಕ್ಕನಿಂಗಮ್ಮ ನಕ್ಕಳು, ಮಗಳ ನೆತ್ತಿಯ ಮೇಲೆ ಅಕ್ಕಿಯ ಧೂಳಿನ ಕೈ ಇಟ್ಟು ಆಣೆ ಮಾಡಿದಳು. ರಂಜಿ ನಗಲಿಲ್ಲ. ಆ ಕೈಯನ್ನು ಸ್ವಲ್ಪ ಹೊತ್ತು ತಲೆಯ ಮೇಲೆಯೇ ಒತ್ತಿ ಹಿಡಿದುಕೊಂಡಳು.

ಮದುವೆಯ ಹಿಂದಿನ ಸಂಜೆ ಎಲ್ಲರೂ ಛತ್ರ ಸೇರಿದರು. ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು. ಮೂಗಯ್ಯನ ತಮ್ಮ ಶಿವಸ್ವಾಮಿ ಆಸೆಪಟ್ಟು ಚಾಮರಾಜನಗರದಲ್ಲಿ ಹೊಡೆಸಿದ್ದು. ನಡುವೆ ಗಂಡು ಹೆಣ್ಣು, ಕೆಳಗೆ ‘ಬಂಧುಗಳಿಗೆ ಸುಸ್ವಾಗತ’, ಅದರ ಕೆಳಗೆ ಎರಡೂ ಮನೆಯವರ ಮುಖಗಳು ಬೊಟ್ಟಿನ ಹಾಗೆ ಸಾಲಾಗಿ. ರಂಗರಾಜು ಆಟೋದಿಂದ ಇಳಿದವನು ಒಳಗೆ ಬರಲಿಲ್ಲ, ಫ್ಲೆಕ್ಸಿನ ಮುಂದೆಯೇ ನಿಂತ. ತನ್ನ ಮುಖ ಹುಡುಕಿದ. ಅದು ಕಟ್ಟಕಡೆಯಲ್ಲಿತ್ತು, ಶಿವಸ್ವಾಮಿಯ ನಾಲ್ಕು ವರ್ಷದ ಮಗನ ಪಕ್ಕದಲ್ಲಿ. ಫ್ಲೆಕ್ಸು ಕಟ್ಟಿದ್ದ ಗಂಟು ಬೇರೆ ಅವನ ಅರ್ಧ ಮೀಸೆಯನ್ನು ಮುಚ್ಚಿತ್ತು.

ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಿದ್ದವನು, ಪಾಯಸ ಬಡಿಸುವ ಹೊತ್ತಿಗೆ ಎದ್ದ. ‘ಸೋದರಮಾವ ಅನ್ನೋನು ಈ ಮನೆಲಿ ಬಾಲ ಆದ್ನಾ? ಆ ಬಾಲ ಇಲ್ದೇನೆ ಮದ್ವೆ ಮಾಡ್ಕೊಳಿ’ ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ ಕಡೇ ಬಸ್ಸು ಹಿಡಿದು ಊರಿಗೆ ಹೋದ. ಅಟ್ಟು ಬಡಿಸುವವರ ಮನೆಯಲ್ಲಿ ಮುನಿಸಿಕೊಂಡರೆ ಕರೆಯುವವರಿರುತ್ತಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಕು ಹರಿಯುವ ಮುಂಚೆ ಚಿಕ್ಕನಿಂಗಮ್ಮ ಎದ್ದು ಸೆರಗು ಬಿಗಿದುಕೊಂಡಳು. ಹೆಣ್ಣನ್ನು ಕೈ ಹಿಡಿದು ಹಸೆಮಣೆಗೆ ತರುವವನು ಸೋದರಮಾವ. ಅವನಿಲ್ಲದೆ ಹೆಣ್ಣು ಹಸೆಗೆ ಬರುವುದು ಹೇಗೆ? ನಾಳೆ ಗಂಡಿನ ಮನೆಯವರು ‘ತವರಿಲ್ಲದವಳ ಮಗಳು’ ಎನ್ನರೇ? ಹೀಗೆಲ್ಲ ಯೋಚಿಸಿದಳು ಎಂದು ಆಮೇಲೆ ಹೇಳಿಕೊಂಡಳು. ನಿಜ ಬೇರೆಯೇ ಇತ್ತು. ತಮ್ಮ ಎಲೆ ಬಿಟ್ಟು ಎದ್ದು ಹೋಗಿದ್ದ, ಹಸಿದುಕೊಂಡು ಮಲಗಿರುತ್ತಾನೆ ಎಂಬ ಸಂಕಟ ರಾತ್ರಿಯೆಲ್ಲ ಅವಳನ್ನು ಮಲಗಗೊಟ್ಟಿರಲಿಲ್ಲ.

ಮೂಗಯ್ಯ ಚಪ್ಪರದ ಕಂಬಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಅವಳು ಚಪ್ಪಲಿ ಮೆಟ್ಟುವುದನ್ನು ನೋಡಿ ಬೀಡಿ ಎಸೆದ.

‘ಓಗ್ಬ್ಯಾಡ’ ಎಂದ.

‘ಇಂಗ್ ಓಗಿ ಅಂಗ್ ಬಂದ್ಬುಡ್ತೀನಿ. ಮುಹೂರ್ತ ಹತ್ತೂವರೆಗಲ್ವಾ?’

‘ಯಾರಾರು ಕೈ ಇಡ್ಕೊಂಡ್ ಬತ್ತರೆ ಬುಡು. ನೀನು ಓಗ್ಬ್ಯಾಡ.’

ಗಂಡ ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅವಳ ನೆನಪಿನಲ್ಲಿ ಅದೇ ಮೊದಲು. ಆದರೂ ಹೋದಳು. ಒಳಗೆ ರಂಜಿಗೆ ಅರಿಶಿನ ಹಚ್ಚುತ್ತಿದ್ದರು. ಹೇಳಿದರೆ ಬಿಡುವುದಿಲ್ಲ ಎಂದು ಮಗಳಿಗೆ ಹೇಳದೆಯೇ ಹೋದಳು. ಫೋನು ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿಯಿತು.

ರಂಗರಾಜು ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ. ಅಕ್ಕನ ಆಟೋ ನಿಂತದ್ದು ನೋಡಿ ಬೇಕೆಂದೇ ಇನ್ನೊಂದು ಸುತ್ತು ಉಜ್ಜಿದ.

‘ಬಾ ತಮ್ಮ, ಏಳು. ವಾಲಗ ಶುರುವಾಗ್ಬುಟ್ಟದೆ.’

‘ಫ್ಲೆಕ್ಸಲ್ಲಿ ನನ್ನ ಎಲ್ಲಿಗ್ ಆಕವ್ರೆ ನೋಡ್ದಾ ನೀನು?’

‘ತಪ್ಪಾಯ್ತು ಕಣಪ್ಪ. ಶಿವಸ್ವಾಮಿಗೆ ಗೊತ್ತಾಗ್ನಿಲ್ಲ.’

‘ಗೊತ್ತಾಗ್ನಿಲ್ವಾ! ಊರ್ಗೆಲ್ಲ ನೀರು ಬುಡಾ ಮನ್ಸ ನಾನು. ಒಂದ್ ದಿನ ಕೈ ಕಟ್ಕೊಂಡ್ ಕೂತ್ರೆ ಊರೇ ಬಾಯ್ ಬಾಯ್ ಬುಡ್ತದೆ. ನಂಗೆ ಆ ಮಗೀನ್ ಪಕ್ದಲ್ಲಿ ಜಾಗ!’

ಚಿಕ್ಕನಿಂಗಮ್ಮ ಹಿಂದೆ ಮುಂದೆ ನೋಡದೆ ಬಗ್ಗಿ ಅವನ ಕಾಲು ಮುಟ್ಟಿದಳು. ಅಯ್ಯೋ ಶಿವನೇ, ಸೊಂಟದ ಮೇಲೆ ಹೊತ್ತು ಸಾಕಿದವಳು, ಅವ್ವನ ಜಾಗದವಳು, ತಮ್ಮನ ಕಾಲು ಹಿಡಿದಳು! ಎದುರು ಮನೆಯ ಹೆಂಗಸು ನೋಡಲಾಗದೆ ಒಳಗೆ ಹೋದಳು. ಅವನು ಮಾತ್ರ ಬಾಯಿ ಮುಕ್ಕಳಿಸಿ, ‘ಆಯ್ತು ಏಳು ಏಳು, ಬತ್ತೀನಿ. ನೀನ್ ಬಂದ್ಯಲ್ಲ ಅಂತ’ ಎಂದ.

ಬರುತ್ತೇನೆ ಎಂದವನು ಎದ್ದನೇ? ನೀರು ಕಾಯಬೇಕಿತ್ತು, ಒಲೆ ಹಚ್ಚಿದಳು. ಹೊಟ್ಟೆಗೇನಾದರೂ ಬೇಕಿತ್ತು, ರವೆ ಹುಡುಕಿ ಉಪ್ಪಿಟ್ಟು ಕೆದಕಿದಳು. ಅಂಗಿ ಸುಕ್ಕಾಗಿತ್ತು, ಇಸ್ತ್ರಿ ಉಜ್ಜಿದಳು. ತೋಳಿನ ಮಡಿಕೆ ಸರಿಯಿಲ್ಲ ಎಂದ, ಮತ್ತೆ ಉಜ್ಜಿದಳು. ಗಡ್ಡ ಹೆರೆದುಕೊಳ್ಳುತ್ತ ಕನ್ನಡಿಯ ಮುಂದೆ ಅವನು ಹಾಡು ಗುನುಗುತ್ತಿದ್ದ. ಅದನ್ನು ಕೇಳಿ ಅವಳಿಗೆ, ಪಾಪ ಮುನಿಸು ಇಳಿಯಿತು ಎಂದು ಸಮಾಧಾನವೂ ಆಯಿತು ನೋಡಿ! ಹೊರಡಬೇಕು ಎನ್ನುವಾಗ, ಯಾವತ್ತೂ ಹೊತ್ತಿಗೆ ಸರಿಯಾಗಿ ಹೋಗದವನಿಗೆ ಅವತ್ತು ಕರ್ತವ್ಯ ನೆನಪಾಯಿತು. ‘ನೀರು ಬುಟ್ಟು ಬಂದ್ಬುಡ್ತೀನಿ, ಜನ ಕಾಯ್ತಾವ್ರೆ’ ಎಂದು ಟ್ಯಾಂಕಿನ ಕಡೆ ಹೋದ. ಆಟೋದವನು ತಲೆ ಚಚ್ಚಿಕೊಂಡ. ‘ಅಮ್ಮ, ಮದ್ವೆ ನಿಮ್ಮ ಮಗ್ಳುದಾ, ಇವ್ರುದಾ?’ ಎಂದು ಕೇಳಿಯೇಬಿಟ್ಟ.

ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ ಹೊಲ. ಹೂವಿನ ಕಾಲವೆಂದರೆ ಕೇರಳದ ಕಾರುಗಳ ಜಾತ್ರೆ. ಅಡ್ಡಾದಿಡ್ಡಿ ನಿಲ್ಲಿಸಿಕೊಂಡು ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆಟೋದವನು ಹಾರನ್ನು ಹೊಡೆದು ಹೊಡೆದು ಹೇಗೋ ಸಂದು ಮಾಡಿಕೊಂಡ. ಅಷ್ಟರಲ್ಲಿ ರಂಗರಾಜು ಅವನ ಭುಜ ತಟ್ಟಿದ.

‘ನಿಲ್ಸು ನಿಲ್ಸು. ಅಕ್ಕ, ಈ ಬಟ್ಟೆಲಿ ಒಂದ್ ಫೋಟೊ ತೆಗಿ. ಸ್ಟೇಟಸ್‌ಗೆ ಆಕ್ತೀನಿ, ಸೋದರಮಾವ ಓಯ್ತಾವ್ನೆ ಅಂತ.’

‘ಹೊತ್ತಾಯ್ತದೆ ಕಣಪ್ಪ...’

‘ಒಂದೇ ನಿಮಿಷ. ನಾನ್ ಓಗ್ದೆ ಅವ್ರೇನ್ ಶುರು ಮಾಡಾರಾ?’

ಆ ಮಾತನ್ನು ಅವಳೂ ನಂಬಿದ್ದಳು. ತಮ್ಮ ಬರದೆ ಯಾವುದೂ ಶುರುವಾಗಿದ್ದನ್ನು ಅವಳು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಆಗಗೊಡದೆ ಇದ್ದವಳೇ ಅವಳಲ್ಲವೇ! ಇಳಿದು, ಅವನ ಫೋನು ಹಿಡಿದು ನಿಂತಳು. ಅವನು ಹೂವುಗಳ ನಡುವೆ ಎದೆ ಸೆಟೆಸಿ ನಿಂತ. ಮೊದಲನೆಯದರಲ್ಲಿ ಅವನ ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಅವಳ ಬೆರಳು ಅಡ್ಡ ಬಂತು. ಮೂರನೆಯದಕ್ಕೆ ಅವನು ಕನ್ನಡಕ ಹಾಕಿಕೊಂಡ.

ಛತ್ರದ ಮುಂದೆ ಇಳಿದಾಗ ವಾಲಗ ಕೇಳಿಸಲಿಲ್ಲ. ಸಾರಿನ ಘಮ ಬರುತ್ತಿತ್ತು, ಮೊದಲ ಪಂಕ್ತಿಗೆ ಎಲೆ ಹಾಕುವ ಗದ್ದಲ ಕೇಳುತ್ತಿತ್ತು. ಚಿಕ್ಕನಿಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಹಸೆಯ ಮೇಲೆ ರಂಜಿ ಕೂತಿದ್ದಳು. ಕೊರಳಲ್ಲಿ ಹಸಿ ಅರಿಶಿನದ ದಾರ, ತಾಳಿ.

ಆದದ್ದನ್ನು ಶಿವಸ್ವಾಮಿಯ ಹೆಂಡತಿ ಮಲ್ಲಮ್ಮ ಓಡಿಬಂದು ಪಿಸುಗುಟ್ಟಿದಳು. ಕಾದರಂತೆ. ಐನೋರು ಎರಡು ಸಲ ಕೂಗಿದರಂತೆ. ಸೋದರಮಾವ ಇಲ್ಲವಲ್ಲ ಎಂದು ಯಾರೋ ಅಂದಾಗ ರಂಜಿ ಎದ್ದು, ಯಾರ ಕೈಯನ್ನೂ ಹಿಡಿಯದೆ ತಾನೇ ನಡೆದು ಬಂದು ಹಸೆಯ ಮೇಲೆ ಕೂತಳಂತೆ. ಗಂಡಿನ ಕಡೆಯವರು ಒಬ್ಬರೂ ತುಟಿ ಎರಡು ಮಾಡಲಿಲ್ಲ. ಯಾವ ಪದ್ಧತಿಗಾಗಿ ಅವ್ವ ಅಷ್ಟು ದೂರ ಓಡಿದ್ದಳೋ ಅದು ನಾಲ್ಕು ಹೆಜ್ಜೆಯಲ್ಲಿ ಮುಗಿದುಹೋಗಿತ್ತು. ಆದರೆ ಧಾರೆಗೆ ಜೋಡಿ ಬೇಕು. ಹೆಂಡತಿಯಿಲ್ಲದೆ ಮೂಗಯ್ಯ ಒಬ್ಬನೇ ಎರೆಯುವಂತಿಲ್ಲ. ‘ನಾವೇ ಎರೆದ್ವು ಅಕ್ಕ’ ಎಂದಳು ಮಲ್ಲಮ್ಮ. ‘ಇನ್ನೇನ್ ಮಾಡದು? ಮುಹೂರ್ತ ಮೀರ್ತಿತ್ತು. ತಪ್ಪು ತಿಳ್ಕೊಬ್ಯಾಡ.’

ಚಿಕ್ಕನಿಂಗಮ್ಮ ಏನು ತಪ್ಪು ತಿಳಿಯಬೇಕಿತ್ತು?

ರಂಗರಾಜು ಅಷ್ಟರಲ್ಲಿ ಹಸೆಯ ಹತ್ತಿರ ಹೋಗಿಯಾಗಿತ್ತು. ‘ನಾನ್ ಬರಾಕ್ ಮುಂಚೆನೇ ಮುಗಿಸ್ಬುಟ್ರಾ? ಅದೆಂಗ್ ಆಯ್ತದೆ?’ ಎಂದು ದನಿ ಎತ್ತಿದ. ಮದುವೆಮನೆಯಲ್ಲಿ ಜಗಳ ಬೇಡವೆಂದು ಗಿರೀಶನ ಅಪ್ಪ ರಾಚಯ್ಯ ದೊಡ್ಡ ಮನಸ್ಸು ಮಾಡಿ, ಗಂಡು ಹೆಣ್ಣಿನ ಕೈಗಳನ್ನು ಮತ್ತೆ ಸೇರಿಸಿ, ಚೊಂಬಿನಲ್ಲಿ ಮಿಕ್ಕಿದ್ದ ಹಾಲನ್ನು ಅವನ ಕೈಗೆ ಕೊಟ್ಟ. ರಂಗರಾಜು ಕ್ಯಾಮೆರಾದ ಕಡೆ ಮುಖ ಮಾಡಿ ಎರೆದ. ಫೋಟೊದವನು ‘ಇನ್ನೊಂದ್ಸಲ ಸಾರ್’ ಎಂದ. ಇನ್ನೊಂದು ಸಲ ಎರೆದ. ಅವನ ಹಿಂದೆ ಚಿಕ್ಕನಿಂಗಮ್ಮ ನಿಂತಿದ್ದಳು, ಅವನ ಚಪ್ಪಲಿ ಕವರು ಹಿಡಿದುಕೊಂಡು. ಅವನೇ ಕೊಟ್ಟಿದ್ದ ಕವರು, ಕಳೆದುಹೋದರೆ ಮತ್ತೆ ಮುನಿಯುತ್ತಾನೆ ಎಂದು ಕೈ ತಾನಾಗಿ ಹಿಡಿದುಕೊಂಡಿತ್ತು.

ಹಾಲು ಖಾಲಿಯಾದ ಮೇಲೆ ಅವಳು ಮುಂದೆ ಹೋಗಿ ಮಗಳ ಕೆನ್ನೆ ಮುಟ್ಟಿದಳು. ‘ರಂಜಿ...’ ಎಂದಳು.

ರಂಜಿ ಅಳಲಿಲ್ಲ, ಬಯ್ಯಲಿಲ್ಲ. ಬಂದ ನೆಂಟರಿಗೆಲ್ಲ ಹೇಳಿದ ದನಿಯಲ್ಲೇ ಹೇಳಿದಳು: ‘ಊಟ ಮಾಡ್ಕೊಂಡ್ ಓಗವ್ವ.’

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮಾತು ಎದೆಗೆ ಹೊಕ್ಕಿದ್ದು ಇಂದಿಗೂ ಹೊರಬಂದಿಲ್ಲ. ಅವತ್ತು ಅವಳು ಊಟ ಮಾಡಲಿಲ್ಲ. ರಂಗರಾಜು ಮೊದಲ ಪಂಕ್ತಿಯಲ್ಲೇ ಕೂತ, ಎರಡು ಸಲ ಪಾಯಸ ಹಾಕಿಸಿಕೊಂಡ. ‘ನಾನ್ ಬಂದ್ನಲ್ಲ, ಮದ್ವೆಗೊಂದ್ ಕಳೆ ಬಂತು’ ಎಂದು ಪಕ್ಕದವನಿಗೆ ಹೇಳಿದ. ಸುಳ್ಳೇನೂ ಹೇಳಲಿಲ್ಲ ಪಾಪ, ಅವನ ಕಣ್ಣಿಗೆ ಹಾಗೇ ಕಂಡಿತ್ತು.

ತಿಂಗಳಾದ ಮೇಲೆ ಮಗಳು ಅಳಿಯ ಉಮ್ಮತ್ತೂರಿಗೆ ಬಂದರು. ಎರಡು ದಿನ ಇದ್ದರು. ಚಿಕ್ಕನಿಂಗಮ್ಮ ಗಾರ್ಮೆಂಟ್ಸಿಗೆ ರಜೆ ಹಾಕಿ ನಾಟಿಕೋಳಿ ಸಾರು ಮಾಡಿದಳು, ಒಬ್ಬಟ್ಟು ತಟ್ಟಿದಳು, ಮಗಳ ತಲೆಗೆ ಎಣ್ಣೆ ಒತ್ತಿದಳು. ರಂಜಿ ಎಲ್ಲಕ್ಕೂ ತಲೆ ಕೊಟ್ಟಳು, ಎಲ್ಲವನ್ನೂ ತಿಂದಳು, ಸಾಕು ಎನ್ನುವಾಗ ‘ಸಾಕು ಅವ್ವ’ ಎಂದಳು. ಮೊದಲಾದರೆ ಅವ್ವನ ತಟ್ಟೆಗೇ ಕೈ ಹಾಕುತ್ತಿದ್ದ ಹುಡುಗಿ ಅದು.

ಹೊರಡುವ ದಿನ ಬೆಳಿಗ್ಗೆ ಗಿರೀಶ್ ತನ್ನ ಫೋನಿನಲ್ಲಿ ಮದುವೆಯ ವಿಡಿಯೊ ಹಾಕಿ ಅತ್ತೆಯ ಕೈಗೆ ಕೊಟ್ಟ. ಹುಡುಗನಿಗೆ ಅತ್ತೆ ನೋಡಿಲ್ಲವಲ್ಲ ಎಂಬ ಕರುಣೆ. ಸಣ್ಣ ಪರದೆಯಲ್ಲಿ ಚಿಕ್ಕನಿಂಗಮ್ಮ ಮಗಳ ಧಾರೆ ನೋಡಿದಳು. ಮೂಗಯ್ಯ ಹಾಲಿನ ಚೊಂಬು ಹಿಡಿದು ನಿಂತಿದ್ದ. ಐನೋರು ಏನೋ ಹೇಳಿದರು. ಅವನು ಆಚೀಚೆ ನೋಡಿ, ಚೊಂಬನ್ನು ತಮ್ಮ ಶಿವಸ್ವಾಮಿಯ ಕೈಗೆ ಕೊಟ್ಟು, ಒದ್ದೆ ಅಂಗೈಯನ್ನು ಹೊಸ ಪಂಚೆಗೆ ಒರೆಸಿಕೊಂಡು ಹಿಂದಕ್ಕೆ ಸರಿದು ನಿಂತ. ಮದುವೆಯ ವ್ಯಾನಿನಲ್ಲಿ ಹಿಂದೆ ಸರಿದು ಕೂತಂತೆಯೇ. ಹಾಲು ಬೀಳುತ್ತಿತ್ತು. ರಂಜಿ ಬಾಗಿಲ ಕಡೆ ತಿರುಗಿದಳು. ಹಾಲು ಇನ್ನೂ ಬೀಳುತ್ತಿತ್ತು. ಮತ್ತೆ ತಿರುಗಿದಳು. ಯಾರೋ ಗದ್ದ ಹಿಡಿದು ಮುಖ ಮುಂದಕ್ಕೆ ಮಾಡಿದರು. ಮತ್ತೂ ತಿರುಗಿದಳು.

‘ಮಾವ ಬಂದ್ನೇನೋ ಅಂತ ನೋಡ್ತಿದ್ಯೇನಮ್ಮಿ?’ ಎಂದು ಕೇಳಿಬಿಟ್ಟಳು ಚಿಕ್ಕನಿಂಗಮ್ಮ. ಎಂಥ ಹೆಂಗಸು ನೋಡಿ! ಆಗಲೂ ಅವಳ ಬಾಯಿಗೆ ಬಂದದ್ದು ಅದೇ.

ರಂಜಿ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ‘ಮಾವನ್ನ ಕಟ್ಕೊಂಡು ನಂಗೇನಾಗ್ಬೇಕು? ನಿನ್ನ ನೋಡ್ತಿದ್ದೆ’ ಎಂದಳು.

ಹೊರಗೆ ಗಿರೀಶ್ ಗಾಡಿ ತಿರುಗಿಸಿ ನಿಲ್ಲಿಸಲು ಹೋದ. ಮೂಗಯ್ಯ ಬ್ಯಾಗು ಎತ್ತಿಕೊಂಡು ಅವನ ಹಿಂದೆ ಹೋದ. ಚಿಕ್ಕನಿಂಗಮ್ಮ ಕಣ್ಣು ಒರೆಸಿಕೊಂಡು ಮೊರ ತಂದಳು. ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಎಲೆಅಡಿಕೆ, ಕುಪ್ಪಸದ ಬಟ್ಟೆ. ಹೆಣ್ಣು ತವರಿನಿಂದ ಹೊರಡುವಾಗ ಅವ್ವನಾದವಳು ಬೊಗಸೆ ತುಂಬ ಮಡಿಲಕ್ಕಿ ಹುಯ್ಯಬೇಕು. ರಂಜಿ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು.

ಫೋನು ಹೊಡೆದುಕೊಂಡಿತು. ಯಾರೆಂದು ನೋಡಬೇಕಾಗಿಯೇ ಇರಲಿಲ್ಲ. ರಂಜಿ ಅವ್ವನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕನಿಂಗಮ್ಮನ ಕೈ ತಾನಾಗಿ ಹೋಗಿ ಫೋನು ಎತ್ತಿತು, ಬಾಯಿ ತಾನಾಗಿ, ‘ಊಟ ಆಯ್ತಾ ತಮ್ಮ?’ ಎಂದಿತು.

‘ಅಕ್ಕ, ಫೋಟೊ ಎಲ್ಲ ಬಂದವೆ ಕಣ’ ಎಂದ ರಂಗರಾಜು. ಅವನ ದನಿ ಯಾವಾಗಲೂ ಇಡೀ ಮನೆಗೆ ಕೇಳುವಂಥದ್ದು. ‘ನಾನ್ ಹಾಲು ಬುಡಾದು ಸೂಪರ್ರಾಗಿ ಬಂದದೆ. ಆದ್ರೆ ಹಿಂದ್ಗಡೆ ನಿನ್ ತಲೆ ಅಡ್ಡ ಬಂದು ಎಲ್ಲ ಕೆಡ್ಸ್‌ಬುಟ್ಟದೆ. ಗಿರೀಸಂಗೆ ಹೇಳು, ಆಲ್ಬಂಗೆ ಆಕ್ಸಾಗ ಆ ತಲೆ ತೆಗ್ಸ್‌ಬುಡ್ಲಿ.’

ಮಗಳ ಮದುವೆಯ ಹಸೆಯ ಹತ್ತಿರ ಚಿಕ್ಕನಿಂಗಮ್ಮ ಇದ್ದಳು ಎನ್ನುವುದಕ್ಕೆ ಇದ್ದ ಗುರುತು ಆ ಅರ್ಧ ತಲೆಯೊಂದೇ.

ಅವಳು ಬಯ್ಯಲಿಲ್ಲ. ಬಯ್ಯುವುದು ಅವಳಿಗೆ ಬರುತ್ತಿರಲಿಲ್ಲ. ಫೋನನ್ನು ಕಟ್ ಮಾಡುವುದಕ್ಕೂ ಕೈ ಬರಲಿಲ್ಲ. ಮೆಲ್ಲಗೆ ನೆಲದ ಮೇಲೆ ಇಟ್ಟಳು. ಎರಡೂ ಕೈಯಲ್ಲಿ ಅಕ್ಕಿ ತುಂಬಿಕೊಂಡು ಮಗಳ ಮಡಿಲಿಗೆ ಹುಯ್ದಳು. ಫೋನಿನಲ್ಲಿ ರಂಗರಾಜು, ಫ್ಲೆಕ್ಸಿನವನು ಮಾಡಿದ ಅನ್ಯಾಯ ಹೇಳುತ್ತಿದ್ದ. ಇನ್ನೊಂದು ಬೊಗಸೆ ಹುಯ್ದಳು. ಪಾಯಸಕ್ಕೆ ಗೋಡಂಬಿ ಸಾಲದೆ ಹೋದದ್ದು ಹೇಳುತ್ತಿದ್ದ. ಕೊಬ್ಬರಿ ಇಟ್ಟಳು, ಬೆಲ್ಲ ಇಟ್ಟಳು, ಹಣೆಗೆ ಕುಂಕುಮ ಇಟ್ಟಳು. ರಂಜಿ ಒಮ್ಮೆ ನೆಲದ ಮೇಲಿನ ಫೋನು ನೋಡಿದಳು, ಒಮ್ಮೆ ಅವ್ವನನ್ನು ನೋಡಿದಳು. ಏನೋ ಹೇಳುತ್ತಾಳೆ ಎಂದು ಚಿಕ್ಕನಿಂಗಮ್ಮ ಕಾದಳು.

‘ಬತ್ತೀನಿ ಅವ್ವ’ ಎಂದಳು ರಂಜಿ, ಸೆರಗಿನ ಗಂಟು ಬಿಗಿದುಕೊಂಡು.

ಚಿಕ್ಕನಿಂಗಮ್ಮ ಬೀದಿಯ ತಿರುವಿನ ತನಕ ಹೋಗಿ ನಿಂತು ನೋಡಿದಳು. ಗಾಡಿ ಸಂತೇಮರಹಳ್ಳಿಯ ರಸ್ತೆಗೆ ಹತ್ತಿತು. ರಂಜಿ ತಿರುಗಿ ನೋಡುತ್ತಾಳೆ ಎಂದು ಕೈ ಎತ್ತಿ ಹಿಡಿದೇ ಇದ್ದಳು. ಗಾಡಿ ಮರೆಯಾಯಿತು. ಮೂಗಯ್ಯ ‘ಬಾ’ ಎಂದ. ಒಳಗೆ ಬಂದಾಗ ಮೊರದ ಪಕ್ಕದಲ್ಲಿ ಫೋನು ಇನ್ನೂ ಮಾತಾಡುತ್ತಿತ್ತು.

‘...ಅದ್ಕೇ ಹೇಳಾದು ಅಕ್ಕ, ಅವತ್ತು ನಾನ್ ಬರ್ದೆ ಇದ್ದಿದ್ರೆ ಏನ್ ಗತಿ ಆಗಾದು ಯೋಚ್ನೆ ಮಾಡು...’

ಚಿಕ್ಕನಿಂಗಮ್ಮ ನೆಲದ ಮೇಲೆ ಕೂತಳು. ಮಡಿಲಕ್ಕಿ ಹುಯ್ದದ್ದು, ಮಗಳು ಹೊರಟದ್ದು, ಬೀದಿಯ ತಿರುವಿಗೆ ಹೋಗಿ ಬಂದದ್ದು, ಯಾವುದೂ ಆ ದನಿಗೆ ಗೊತ್ತಾಗಿರಲಿಲ್ಲ. ಈ ಕಡೆ ಅಕ್ಕ ಇದ್ದಾಳೋ ಇಲ್ಲವೋ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಇವತ್ತಲ್ಲ, ಯಾವತ್ತೂ ಕೇಳಿರಲಿಲ್ಲ. ಅವಳು ಇದ್ದಾಳೋ ಇಲ್ಲವೋ ಎಂದು ತಿರುತಿರುಗಿ ನೋಡಿದ ಜೀವ ಲೋಕದಲ್ಲಿ ಒಂದೇ ಒಂದಿತ್ತು. ಆ ಜೀವ ನೋಡಿದಾಗ ಅವಳು ಇರಲಿಲ್ಲ.

ಫೋನನ್ನು ಕೈಗೆತ್ತಿಕೊಂಡಳು. ಬಾಯಿಗೆ ಸೆರಗು ತುರುಕಿಕೊಂಡು, ಹೆಗಲು ಅಲ್ಲಾಡುವಂತೆ ಅತ್ತಳು. ಅದೂ ಅವನಿಗೆ ಕೇಳಿಸಲಿಲ್ಲ, ಅವನು ಹೇಳುತ್ತಲೇ ಇದ್ದ.